ಬಸ್ಸಿಗೆ ಬೆನ್ನು ತಿರುಗಿಸಿ ನಿಂತ ಬೆಳಿಗ್ಗೆ

ಹೋದ ವಾರ ನಮ್ಮ ಶಾಲೆಗೆ ಎಂಟನೇ ತರಗತಿಯವರ ಸೈಕಲ್ಲುಗಳು ಬಂದವು. ಲಾರಿಯಿಂದ ಇಳಿಸಿ ವರಾಂಡದಲ್ಲಿ ಸಾಲಾಗಿ ಒರಗಿಸಿದರು. ಅವನ್ನು ಎಣಿಸಿ ಸಹಿ ಹಾಕುವ ಕೆಲಸ ಟೀಚರುಗಳ ಪೈಕಿ ನನಗೇ ಬಂತು. ಎಣಿಸುವ ಕೆಲಸ ಎಲ್ಲಿದ್ದರೂ ನನ್ನನ್ನು ಹುಡುಕಿಕೊಂಡು ಬರುತ್ತದೆ. ಅರ್ಧ ಎಣಿಸುವಷ್ಟರಲ್ಲಿ ಹೊಸ ಟೈರಿನ ವಾಸನೆ ಮೂಗಿಗೆ ಹತ್ತಿ ಲೆಕ್ಕ ತಪ್ಪಿತು. ಟೈರಿನ ವಾಸನೆ ಬಂದರೆ ನನಗೆ ಸಿದ್ದರಾಜಣ್ಣ ನೆನಪಾಗುತ್ತಾರೆ. ನಿಮಗೆ ಅವರ ಪರಿಚಯವಿಲ್ಲ, ಹೇಳುತ್ತೇನೆ.

ತೊಂಬತ್ತರ ದಶಕದ ಮಾತು. ನಮ್ಮೂರು ನಂಜನಗೂಡಿನಿಂದ ನರಸೀಪುರಕ್ಕೆ ಹೋಗುವ ದಾರಿಯಲ್ಲಿತ್ತು. ಏಳನೆಯವರೆಗೆ ಊರಲ್ಲೇ ಓದು, ಆಮೇಲೆ ನರಸೀಪುರದ ಹೈಸ್ಕೂಲು. ನಮ್ಮೂರಿಂದ ಹೋಗುತ್ತಿದ್ದ ಹುಡುಗಿಯರು ಒಂಬತ್ತು ಜನ. ನಾನು ಆಗಲೇ ಡೈರಿ ಬರೆಯುವ ಚಾಳಿಗೆ ಬಿದ್ದಿದ್ದೆ. ಸ್ಕೇಲಿಟ್ಟು ಗೆರೆ ಎಳೆದು ಎದ್ದದ್ದು ಎಷ್ಟು ಗಂಟೆಗೆ, ಓದಿದ್ದು ಎಷ್ಟು ಪುಟ ಎಂದೆಲ್ಲ ಪುಟದಲ್ಲಿ ಚೌಕ ಮನೆ ಹಾಕುತ್ತಿದ್ದೆ. ಒಂದು ಮನೆಯಲ್ಲಿ ಹೀಗೂ ಇದೆ: 'ಅಜ್ಜಿ ಬೈದದ್ದು ಮೂರು ಸಲ. ಅದರಲ್ಲಿ ಕಾರಣವಿದ್ದದ್ದು ಒಂದು.' ಕೊನೆಯ ಮನೆ ಬಸ್ಸಿನದು. ನಿಂತರೆ ಸರಿ ಗುರುತು, ನಿಲ್ಲದಿದ್ದರೆ ಸೊನ್ನೆ.

ಒಂಬತ್ತನೆಯ ತರಗತಿಯಲ್ಲಿದ್ದಾಗ ಆ ಮನೆಗೆ ಬೆಲೆ ಬಂತು. ಎಂಟೂ ಹತ್ತರ ಬಸ್ಸನ್ನು ಇದ್ದಕ್ಕಿದ್ದಂತೆ ಲಿಮಿಟೆಡ್ ಸ್ಟಾಪ್ ಮಾಡಿಬಿಟ್ಟರು. ಗೇಟು ಎನ್ನುವ ನಮ್ಮೂರ ಸ್ಟಾಪಿನಲ್ಲಿ ನಿಲ್ಲುವಂತಿಲ್ಲ, ಮಕ್ಕಳ ಪಾಸೂ ನಡೆಯುವಂತಿಲ್ಲ. ಮುಂದಿನ ಬಸ್ಸಿಗೆ ಕಾದರೆ ಎರಡು ಪೀರಿಯಡ್ ಮುಗಿದಿರುತ್ತಿತ್ತು. ನನ್ನ ಗೆಳತಿ ಮಾದೇವಿಯ ಅಪ್ಪ ಅಂದೇ ಹೇಳಿಬಿಟ್ಟ: "ಬಸ್ ನಿಂತ್ರೆ ಇಸ್ಕೂಲು. ನಿಲ್ಲಿಲ್ವಾ, ನಾಟಿ ಕೆಲ್ಸಕ್ಕೆ ನಡಿ." ಬೇರೆ ಮನೆಗಳಲ್ಲೂ ಅದೇ ಮಾತು ಸ್ವಲ್ಪ ಮೆತ್ತಗೆ ನಡೆಯುತ್ತಿತ್ತು.

ಆ ಬಸ್ಸಿನ ಕಂಡಕ್ಟರೇ ಸಿದ್ದರಾಜಣ್ಣ. ಗೇಟಿನಲ್ಲಿ ನಿಲ್ಲಿಸಬಾರದು ತಾನೆ? ಗೇಟು ದಾಟಿ ನಾಲೆ ಏರಿಯ ತಿರುವಿನಲ್ಲಿ ಸೀಟಿ ಊದುತ್ತಿದ್ದರು. ಇಳಿದು ಬಂದು ಹಿಂದಿನ ಟೈರನ್ನು ಚಪ್ಪಲಿ ಕಾಲಲ್ಲಿ ಒದೆಯುತ್ತ, "ಗಾಳಿ ಕಮ್ಮಿ ಅದೆ ಅನ್ಸುತ್ತೆ, ತಡಿ ಮಾರಾಯ" ಎಂದು ಡ್ರೈವರಿಗೆ ಕೂಗುತ್ತಿದ್ದರು. ಟೈರಿಗೆ ನಾಕು ಒದೆ ಬೀಳುವಷ್ಟರಲ್ಲಿ ನಾವು ಒಂಬತ್ತೂ ಜನ ಹಿಂದಿನ ಬಾಗಿಲಿಂದ ಒಳಗೆ. "ಅತ್ಕಳಿ ಬೇಗ್ಬೇಗ, ಟೈರು ಸತ್ತೋಯ್ತದೆ!" ಎಂದು ಗದರಿಸಿ, ತಾವೇ ನಗುತ್ತಿದ್ದರು. ಪಾಸು ಕೇಳುತ್ತಿರಲಿಲ್ಲ. ಅವರಿಗೆ ರಜೆ ಇದ್ದ ದಿನ ಬಸ್ಸು ಬುರ್ರನೆ ಹೋಗುತ್ತಿತ್ತು.

ಅಷ್ಟರಲ್ಲಿ ವಿಷಯ ತಾಲ್ಲೂಕು ಪಂಚಾಯಿತಿಗೆ ಹೋಯಿತು. ನಮ್ಮ ಕಡೆಯ ಮೆಂಬರು ಚಿಕ್ಕತಾಯಮ್ಮ. ಮೀಸಲಾತಿಯಲ್ಲಿ ಗೆದ್ದವರು, ಸಭೆಯಲ್ಲಿ ಅದುವರೆಗೆ ಬಾಯಿ ಬಿಟ್ಟವರಲ್ಲ. ಅವರ ಯಜಮಾನರು ಹಿಂದಿನ ಕುರ್ಚಿಯಲ್ಲಿ ಕೂತು ಎಲ್ಲಕ್ಕೂ ತಾವೇ ಉತ್ತರ ಹೇಳುತ್ತಿದ್ದರಂತೆ. ಬಸ್ಸಿನ ಬದಲಾವಣೆಯಿಂದ ಮಕ್ಕಳಿಗೆ ತೊಂದರೆಯಾಗಿದೆ ಎನ್ನಲು ದಾಖಲೆ ಏನಿದೆ ಎಂಬ ಪ್ರಶ್ನೆ ಬಂದಾಗ ನಮ್ಮ ಹೆಡ್‌ಮಾಸ್ಟರಿಗೆ ನನ್ನ ಡೈರಿ ನೆನಪಾಯಿತು. "ಇವಳು ದಿನಾ ಬರೀತಾಳೆ, ಗೌರ್ಮೆಂಟಿಗಿಂತ ಚೆನ್ನಾಗಿ ಬರೀತಾಳೆ" ಎಂದರು. ನಾನು ಉಬ್ಬಿಹೋದೆ. ಡೈರಿಗೆ ಕಂದು ಕಾಗದದ ಹೊಸ ರಟ್ಟು ಹಾಕಿಕೊಂಡು ಸಭೆಗೆ ಹೋದೆ. ಒಳಗೆ ಏನು ಬರೆದಿದ್ದೇನೆ ಎಂದು ಒಮ್ಮೆ ತಿರುವಿ ನೋಡಬೇಕಿತ್ತು. ನೋಡಲಿಲ್ಲ.

ಡಿಪೋದಿಂದ ಬಂದಿದ್ದ ಸಾಹೇಬರು ಡೈರಿ ತೆಗೆದುಕೊಂಡು, ಪೆನ್ನಿನ ತುದಿಯಿಂದ ಎಣಿಸಿದರು. ನನಗಿಂತ ನಿಧಾನವಾಗಿ ಎಣಿಸುತ್ತಾರಲ್ಲ ಎಂದು ಮನಸ್ಸಿನಲ್ಲೇ ನಕ್ಕೆ. ಅವರು ತಲೆ ಎತ್ತಿದರು.

"ಇಪ್ಪತ್ನಾಲ್ಕು ದಿನದಲ್ಲಿ ಇಪ್ಪತ್ತು ದಿನ ಬಸ್ಸು ನಿಂತಿದೆ ಅಂತ ನಿಮ್ಮ ಹುಡುಗೀನೇ ಬರೆದಿದ್ದಾಳೆ. ಇನ್ನೇನಮ್ಮ ತೊಂದರೆ?"

ಚಿಕ್ಕತಾಯಮ್ಮ ನನ್ನ ಕಡೆ ತಿರುಗಿದರು. "ಏನ್ ಮಗ ಇದು?"

ಸಿದ್ದರಾಜಣ್ಣ ಕದ್ದು ನಿಲ್ಲಿಸಿದ ದಿನಗಳಿಗೆಲ್ಲ ನಾನು ಪ್ರಾಮಾಣಿಕವಾಗಿ ಸರಿ ಗುರುತು ಹಾಕಿದ್ದೆ. ನಿಜ ಹೇಳಿದರೆ ಅವರ ಕೆಲಸಕ್ಕೆ ಕುತ್ತು. ಹೇಳದಿದ್ದರೆ ಬಸ್ಸು ಲಿಮಿಟೆಡ್ ಆಗಿಯೇ ಉಳಿಯುತ್ತದೆ, ಅವರ ರೂಟು ಬದಲಾದ ದಿನ ಮಾದೇವಿ ಗದ್ದೆಗಿಳಿಯುತ್ತಾಳೆ.

"ಸುಳ್ಳು ಬರ್ದಿದ್ದೀನಿ ಸಾ," ಎಂದೆ. "ಸೊನ್ನೆ ಜಾಸ್ತಿ ಆದ್ರೆ ಪುಟ ಚೆನ್ನಾಗ್ ಕಾಣಲ್ಲ ಅಂತ."

ಸಭೆಯೆಲ್ಲ ನಕ್ಕಿತು. ಹೆಡ್‌ಮಾಸ್ಟರು ನಗಲಿಲ್ಲ. ನನ್ನ ಡೈರಿಯಲ್ಲಿ ಸುಳ್ಳಿರಲಿಲ್ಲ ಎಂದು ಆ ಕೋಣೆಯಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ಅಷ್ಟು ಅವಮಾನ ನನಗೆ ಮತ್ತೆಂದೂ ಆಗಿಲ್ಲ. ಯಜಮಾನರು ಹಿಂದಿನಿಂದ "ಕೂತ್ಕೊ, ಸಾಕು" ಎಂದು ಹೆಂಡತಿಯ ಸೆರಗು ಜಗ್ಗಿದರು. ಚಿಕ್ಕತಾಯಮ್ಮ ಸೆರಗು ಬಿಡಿಸಿಕೊಂಡರು.

"ಬುಕ್ಕು ಅತ್ಲಾಗಿರ್ಲಿ ಸಾ. ನಾಳೆ ಬೆಳಿಗ್ಗೆ ನೀವೇ ಬನ್ನಿ. ಮಕ್ಳ ಜೊತೆ ನಿಂತ್ಕೊಂಡು ಕಣ್ಣಾರ ನೋಡಿ."

ಸಾಹೇಬರು ಒಪ್ಪಿಬಿಟ್ಟರು. ಊರಿಗೆ ಬಂದು ಹೇಳಿದಾಗ ಒಂಬತ್ತು ಜನಕ್ಕೂ ಜೀವ ಹೋದಂತಾಯಿತು. ನಾಳೆಯೂ ಸಿದ್ದರಾಜಣ್ಣನ ಡ್ಯೂಟಿಯೇ. ಹೇಳಿಕಳಿಸಲು ಫೋನಿಲ್ಲ, ನಂಜನಗೂಡಿಗೆ ಹೋಗಿಬರುವವರು ಯಾರೂ ಇಲ್ಲ. ಬಸ್ಸು ನಿಲ್ಲಲಿ ಎಂದು ದಿನಾ ಬೇಡುತ್ತಿದ್ದ ನಾವು, ದೇವರೇ ನಿಲ್ಲದಿರಲಿ ಎಂದು ಬೇಡುತ್ತ ಗೇಟಿಗೆ ಬಂದೆವು. ಚಿಕ್ಕತಾಯಮ್ಮ ಆಗಲೇ ಬಂದಿದ್ದರು, ಸಾಹೇಬರ ಜೀಪು ಹೊಂಗೆ ಮರದ ಹಿಂದೆ ನಿಂತಿತ್ತು. ಸಾಹೇಬರು ನಮ್ಮನ್ನೂ ಕರೆದುಕೊಂಡು ಗೇಟು ದಾಟಿ ತಿರುವಿನವರೆಗೂ ನಡೆದು ಬಂದು, "ಇಲ್ಲಿಂದ ದೂರದವರೆಗೆ ಕಾಣುತ್ತೆ" ಎಂದು ನಮ್ಮ ಜಾಗದಲ್ಲೇ ನಿಂತರು!

ಬಸ್ಸು ಕಾಣಿಸಿತು. ಸಿದ್ದರಾಜಣ್ಣ ಎಂದಿನಂತೆ ಬಾಗಿಲಲ್ಲಿ ಜೋತುಬಿದ್ದು ನಮ್ಮತ್ತ ಕೈ ಎತ್ತಿದರು. ಬಸ್ಸು ನಿಧಾನವಾಯಿತು. ಆಗ ಮಾದೇವಿ ಹಲ್ಲು ಕಚ್ಚಿ ಹೇಳಿದಳು: "ತಿರೀಕಳ್ರೇ ಎಲ್ರೂವೆ!"

ಒಂಬತ್ತು ಜನವೂ ಗದ್ದೆ ಕಡೆ ತಿರುಗಿ ನಿಂತೆವು.

"ಯಾಕ್ರಮ್ಮ?" ಎಂದರು ಸಾಹೇಬರು.

"ಧೂಳು ಸಾ," ಎಂದಳು ಮಾದೇವಿ. ಅವರೂ ಕರ್ಚೀಫು ತೆಗೆದು ಮೂಗಿಗೆ ಹಿಡಿದು ನಮ್ಮ ಮರೆಗೆ ಸರಿದರು.

ಬೆನ್ನ ಹಿಂದೆ ಬಸ್ಸಿನ ಉಸಿರು ಒಂದು ಗಳಿಗೆ ತಡೆಯಿತು. ಆಮೇಲೆ ಎರಡು ಸೀಟಿ. ಹೋಯಿತು.

"ನೋಡಿದ್ರಾ?" ಸಾಹೇಬರು ಹೆಮ್ಮೆಯಿಂದ ಹೇಳಿದರು. "ನಮ್ಮ ಸ್ಟಾಫು ರೂಲ್ಸ್ ಮೀರೋದಿಲ್ಲ."

"ಅದ್ನೇ ಸಾ ನಾವೂ ಏಳಾದು," ಎಂದರು ಚಿಕ್ಕತಾಯಮ್ಮ. "ರೂಲ್ಸು ಓಯ್ತು. ಮಕ್ಳು ಇಲ್ಲೇ ನಿಂತವೆ."

ದಸರಾ ರಜೆ ಮುಗಿಯುವಷ್ಟರಲ್ಲಿ ಎಂಟೂ ಹತ್ತು ಮತ್ತೆ ಸಾದಾ ಬಸ್ಸಾಯಿತು, ಗೇಟಿನಲ್ಲಿ ರಾಜಾರೋಷವಾಗಿ ನಿಲ್ಲತೊಡಗಿತು. ಆದರೆ ಸಿದ್ದರಾಜಣ್ಣ ಮಾತ್ರ ಮೊದಲಿನವರಾಗಲಿಲ್ಲ. ಇಳಿಯುತ್ತಿರಲಿಲ್ಲ, ಗದರಿಸುತ್ತಿರಲಿಲ್ಲ. ನಮ್ಮ ಮುಖ ನೋಡದೆ "ಪಾಸ್ ತೆಗೀರಿ" ಎನ್ನುತ್ತಿದ್ದರು. ತುಂಬಿದ ಬಸ್ಸಿನಲ್ಲಿ ಅವರ ಗುಟ್ಟನ್ನು ಬಿಡಿಸಿ ಹೇಳುವುದು ಹೇಗೆ? ನಾಳೆ, ನಾಡಿದ್ದು ಎನ್ನುವಷ್ಟರಲ್ಲಿ ಅವರಿಗೆ ತಲಕಾಡು ರೂಟು ಬಂತು.

ಸೈಕಲ್ಲುಗಳ ಲೆಕ್ಕ ಮುಗಿಸಿ ಸಹಿ ಹಾಕಿದ ಮೇಲೆ ಬಂದ ಭಾನುವಾರ ನಾನು ತಲಕಾಡಿಗೆ ಹೋದೆ. ವಿಚಾರಿಸಿದಾಗ ಸಿಕ್ಕರು. ಈಗ ಬಸ್ಸು ಹತ್ತುವುದಿಲ್ಲ, ನಿಲ್ದಾಣದಲ್ಲಿ ಕೂತು ಬಂದು ಹೋಗುವ ಬಸ್ಸುಗಳ ಟೈಮು ಬರೆದುಕೊಳ್ಳುತ್ತಾರೆ. ಅವರಿಗೆ ನನ್ನ ಗುರುತು ಸಿಗಲಿಲ್ಲ. ನಾಲೆ ಏರಿಯ ತಿರುವು ಎಂದ ಮೇಲೆ ಪೆನ್ನು ಕೆಳಗಿಟ್ಟರು. ನಾನು ಸಭೆ, ಜೀಪು, ಧೂಳು ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದೆ.

"ಅದ್ರ ಮುಂಚಿನ್ ದಿನ ನಿಮ್ಮನ್ನ ಸ್ವಲ್ಪ ಜೋರಾಗಿ ಬೈದ್ಬುಟ್ಟಿದ್ದೆ ಕನವ್ವ, ತಡ ಮಾಡುದ್ರಿ ಅಂತ. ಅದ್ಕೇ ಸಿಟ್ ಮಾಡ್ಕಂಡು ಬೆನ್ ತೋರ್ಸುದ್ರು ಅಂದ್ಕಂಡಿದ್ದೆ," ಎಂದರು. ನಾನು ಡೈರಿಯಲ್ಲಿ ಆ ಬೈಗುಳವನ್ನು ಬರೆದೇ ಇರಲಿಲ್ಲ.

"ಓಗ್ಲಿ ಬುಡು. ಓದುದ್ರಾ ಎಲ್ಲಾ?"

"ಮಾದೇವಿ ನರ್ಸು. ನಾನು ಟೀಚರು."

"ಒಂಬತ್ ಜನ ಇದ್ರಿ," ಎಂದು ಅವರು ಎರಡೂ ಕೈ ಎತ್ತಿ, ಒಂದು ಬೆರಳು ಬಿಟ್ಟು, ಮಿಕ್ಕ ಒಂಬತ್ತನ್ನು ಮುಂದಕ್ಕೆ ಹಿಡಿದರು. ನಾನು ಒಬ್ಬೊಬ್ಬರ ಹೆಸರು, ಓದು, ಊರು ಹೇಳುತ್ತ ಹೋದಂತೆ ಒಂದೊಂದೇ ಬೆರಳು ಮಡಿಸಿದರು. ಏಳಾಯಿತು. ಹೆಸರು ಹೇಳುವುದನ್ನು ಅಲ್ಲಿಗೆ ನಿಲ್ಲಿಸಿದೆ.

"ಇನ್ನಿಬ್ರು?"

ಆ ಇಬ್ಬರು ಹತ್ತನೆಯ ತರಗತಿಯ ಮಧ್ಯೆ ಬರುವುದನ್ನು ನಿಲ್ಲಿಸಿದ್ದರು. ಯಾಕೆ, ಎಲ್ಲಿಗೆ ಹೋದರು ಎಂದು ನಾನು ಕೇಳಿರಲಿಲ್ಲ. ಅವರಿಲ್ಲದ ದಿನಗಳಲ್ಲೂ ಬಸ್ಸು ನಿಂತಿತ್ತು. ನಾನು ಸರಿ ಗುರುತು ಹಾಕಿದ್ದೆ.

"ತಿಳ್ಕೊಂಡು ಬಂದು ಹೇಳ್ತೀನಿ ಅಣ್ಣ," ಎಂದೆ.

"ತಿಳ್ಕಂಡ್ ಬಂದು ಏಳವ್ವ," ಎಂದರು ಸಿದ್ದರಾಜಣ್ಣ. ನರಸೀಪುರದ ಬಸ್ಸು ಹೊರಟಾಗ ಕಿಟಕಿಯಿಂದ ನೋಡಿದೆ. ಅವರು ಆ ಎರಡು ಬೆರಳನ್ನು ಇನ್ನೂ ಮಡಿಸಿರಲಿಲ್ಲ.