ಶೇಖವ್ವನ ಚಳಿ

ಇಳಕಲ್ಲಿನ ನಮ್ಮ ಓಣಿಯಲ್ಲಿ ಮೇ ತಿಂಗಳಲ್ಲೂ ಸ್ವೆಟರ್ ಹಾಕಿಕೊಳ್ಳುವ ಜೀವ ಒಂದೇ, ಶೇಖವ್ವ. ಎಲುಬು ಮುಚ್ಚುವಷ್ಟೂ ಮಾಂಸವಿಲ್ಲದ ಮೈ. ಅವಳ ಗಂಡ ಹುಚ್ಚಪ್ಪ ಅವಳ ಮೂರರಷ್ಟಿದ್ದಾನೆ. ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತನೆಂದರೆ ಕುಣಿ ತುಂಬಿತೆಂದೇ ಲೆಕ್ಕ. ಅವನು ಫ್ಯಾನ್ ಹಚ್ಚುತ್ತಾನೆ, ಅವಳು ಆರಿಸುತ್ತಾಳೆ. ಸೀರೆ ನೇಯ್ದದ್ದಕ್ಕಿಂತ ಹೆಚ್ಚಾಗಿ ಇದನ್ನೇ ಮಾಡಿಕೊಂಡು ಇಬ್ಬರೂ ಮುದುಕರಾದರು.

"ಶೆಕಿ ಹೊರಗಿಲ್ರಿ, ನಿಮ್ಮ ಮೈಯಾಗೈತಿ," ಎನ್ನುತ್ತಿದ್ದಳು ಶೇಖವ್ವ. ಅದು ಅರ್ಧ ನಿಜವೂ ಹೌದು.

ಈ ಬೇಸಿಗೆಯಲ್ಲಿ ಮಗಳು ಮಹಾನಂದಾ ಬಾಣಂತನಕ್ಕೆ ಬಂದಳು. ಕೂಸು ಹುಟ್ಟಿದ್ದೇ ಅಜ್ಜಿಯಾದ ಶೇಖವ್ವನ ಕಾರಭಾರ ಶುರುವಾಯಿತು. ಕಿಟಕಿ ಬಂದ್, ಫ್ಯಾನ್ ಬಂದ್. ಕೂಸಿನ ತಲೆಗೆ ಕುಂಚಿಗಿ, ಮೈಗೆ ಎರಡು ದುಪ್ಪಟಿ, ತೊಟ್ಟಿಲ ಪಕ್ಕದಲ್ಲಿ ಕೆಂಡ. ನಾನು ಬಾಣಂತಿಗೆಂದು ಅಮೀನಗಡದ ಕರದಂಟು ಹಿಡಿದು ಹೋದವಳು, ಬೆವರಿ ತೊಪ್ಪೆಯಾದೆ. ಇದೇನೆಂದು ಕೇಳಿದರೆ ಶೇಖವ್ವನ ಉತ್ತರ ಸಿದ್ಧವಿತ್ತು.

"ನನಗ ಇಷ್ಟು ಥಂಡಿ ಹತ್ತತೈತಿ ಅಂದ್ರ ಅಂಗೈಯಷ್ಟು ಕೂಸಿಗೆ ಎಷ್ಟು ಹತ್ತಬ್ಯಾಡ?"

ಕರದಂಟಿನ ಮೊದಲ ತುಂಡು ತಾನೇ ಬಾಯಿಗೆ ಹಾಕಿಕೊಂಡು ಹುಚ್ಚಪ್ಪ ತೊಟ್ಟಿಲಿಗೆ ಬಗ್ಗಿದ. "ಕೂಸಿನ ಮಾರಿ ಕೆಂಪಗಾಗೇತಿ. ಅದಕ್ಕ ಶೆಕಿ ಆಗೇತಿ," ಎಂದ. ಸಂಕ್ರಾಂತಿಯಲ್ಲೂ ಅಂಗಿ ಬಿಚ್ಚಿ ಕೂರುವವನ ಮಾತು ಯಾರು ಕೇಳುತ್ತಾರೆ? ಎಲ್ಲರೂ ನಕ್ಕೆವು.

ಮಧ್ಯಾಹ್ನ ಕೂಸು ಹಾಲು ಕುಡಿಯುವುದನ್ನೇ ಬಿಟ್ಟಿತು. ಮುಟ್ಟಿದರೆ ಮೈ ಸುಡುತ್ತಿತ್ತು, ಅಳಲೂ ಶಕ್ತಿ ಇರಲಿಲ್ಲ. ಮಹಾನಂದಾ ಗಾಬರಿಯಾಗಿ ಅಳತೊಡಗಿದಳು. "ಥಂಡಿ ಜ್ವರ," ಎನ್ನುತ್ತ ಶೇಖವ್ವ ಮೂರನೆಯ ದುಪ್ಪಟಿ ತಂದಳು. ಹೆಂಡತಿಗೆ ಎಂದೂ ಎದುರಾಡದ ಹುಚ್ಚಪ್ಪ ಅದನ್ನು ಅವಳ ಕೈಯಿಂದ ಕಸಿದು ಅತ್ತ ಒಗೆದ. ಕೂಸನ್ನೆತ್ತಿಕೊಂಡು ಆಟೋ ಹತ್ತಿದ. ನಾವೂ ಹಿಂದಿನಿಂದ ಓಡಿದೆವು.

ದವಾಖಾನೆಯಲ್ಲಿ ನರ್ಸ್ ರಾಜಶ್ರೀ ಒಂದೊಂದೇ ಅರಿವೆಯನ್ನು ಉಳ್ಳಾಗಡ್ಡಿ ಸಿಪ್ಪೆ ಸುಲಿದಂತೆ ಬಿಡಿಸಿದಳು. ಒದ್ದೆ ಬಟ್ಟೆಯಿಂದ ಮೈ ಒರೆಸಿದಳು. ಡಾಕ್ಟರು ಪರೀಕ್ಷೆ ಮಾಡಿ, ಬೇರೆ ರೋಗವೇನಿಲ್ಲ, ಹೊದಿಸಿದ್ದೇ ಹೆಚ್ಚಾಗಿದೆ ಎಂದರು. ತುಸು ಹೊತ್ತಿಗೆ ಮೈಯ ಕಾವು ಇಳಿದು, ಕೂಸು ಚೀರಿ ಅತ್ತಿತು. ಅಳು ಕೇಳಿ ಹಿಂದೆಂದೂ ಅಷ್ಟು ಸಂತೋಷಪಟ್ಟದ್ದು ನನಗೆ ನೆನಪಿಲ್ಲ.

"ಹಂಡೇದ ನೀರು ಕಾಯಾಕೂ ತಡ, ಆರಾಕೂ ತಡ," ಎಂದು ರಾಜಶ್ರೀ ತಿಳಿಸಿ ಹೇಳಿದಳು. "ಸಣ್ಣ ವಾಟಗ ಬಟ್ಟಲದಾಗಿನ ನೀರು ಲಗೂನ ಕಾಯತೈತಿ, ಲಗೂನ ಆರತೈತಿ. ಕೂಸು ವಾಟಗ ಇದ್ದಂಗ್ರಿ ಆಯಿ, ಮ್ಯಾಲ ಅದಕ್ಕ ನಮ್ಮಂಗ ಬೆವರಾಕೂ ಬರಾಂಗಿಲ್ಲ. ನಿಮ್ಮ ಮೈಯಾಗ ಕೊಬ್ಬಿಲ್ಲ, ಥಂಡಿ ಹತ್ತತೈತಿ. ಅಜ್ಜಾರು ಕೊಬ್ಬಿನ ಕಂಬಳಿನ ಹೊದ್ದಾರ, ಅವರಿಗೆ ಶೆಕಿ. ನಿಮ್ಮ ಮೈ ನೋಡಿ ಕೂಸಿಗೆ ಹೊಚ್ಚಬ್ಯಾಡ್ರಿ. ಅದರ ಬೆನ್ನ ಮುಟ್ಟಿ ನೋಡ್ರಿ."



ಮನೆಗೆ ಬಂದವಳೇ ಶೇಖವ್ವ ಕೆಂಡ ಹೊರಗೆ ಸುರಿದಳು, ಕಿಟಕಿ ತೆರೆದಳು, ಫ್ಯಾನನ್ನು ತಾನೇ ಹಚ್ಚಿದಳು. ಅದರ ಕೆಳಗೆ ನಡುಗುತ್ತ ಕೂತು ಗಳಿಗೆಗೊಮ್ಮೆ ಕೂಸಿನ ಬೆನ್ನು ಮುಟ್ಟಿ ನೋಡುತ್ತಿದ್ದಳು. ಹುಚ್ಚಪ್ಪ ಬಾಗಿಲಲ್ಲೇ ನಿಂತಿದ್ದ.

"ಇಷ್ಟ್ ವರ್ಷ ನಾ ಶೆಕಿ ಶೆಕಿ ಅಂದೆ," ಎಂದ. "ನನ್ನ ಬೆನ್ನ ಒಂದಿನಾರ ಮುಟ್ಟಿ ನೋಡಿಯೇನ?"

ನಗೆಯಲ್ಲೇ ಹೇಳಿದ, ಆದರೆ ಅವಳು ನಗಲಿಲ್ಲ. ಕೂಸನ್ನು ಮಗಳ ಮಡಿಲಿಗಿಟ್ಟು ಎದ್ದು ಹೋಗಿ ಅವನ ಬೆನ್ನ ಮೇಲೆ ಕೈಯಿಟ್ಟಳು. ಅಂಗಿ ತೊಯ್ದು ಅಂಟಿಕೊಂಡಿತ್ತು. ಕೈ ಹಾಗೇ ಇಟ್ಟುಕೊಂಡಳು.

"ಖರೇನ ಶೆಕಿ ಐತಲ್ರಿ," ಎಂದಳು.