ಹಡಗಿನಿಂದ ಹಾರಿದ ರಾಮಣ್ಣ

ಹೆಸರಿನ ಹಿಂದೆಯೋ ಮುಂದೆಯೋ ನಾಲ್ಕು ಅಕ್ಷರ ಅಂಟಿಸಿಕೊಂಡವರನ್ನೆಲ್ಲ ಡಾಕ್ಟರೆಂದು ಭಾವಿಸುವುದು ನನ್ನ ಹಳೆಯ ದೌರ್ಬಲ್ಯ. ನಾವು ದೇಶ ಬಿಟ್ಟು ಬಂದು ನೆಲೆಸಿದ ಸೆಂಟರ್‌ವಿಲ್‌ನ ಬೀದಿಯಲ್ಲಿ ಟಪಾಲು ತಪ್ಪು ಮನೆಗೆ ಬೀಳುವುದು ವಾಡಿಕೆ. ಹಾಗೆ ನಮ್ಮ ಡಬ್ಬಿಗೆ ಬಿದ್ದ ಪಕ್ಕದ ಮನೆಯವರ ಲಕೋಟೆಯ ಮೇಲೆ ಹೆಸರಿಗಿಂತ ಮೊದಲು ನಾಲ್ಕು ದಪ್ಪಕ್ಷರಗಳೂ, ಕೊನೆಯಲ್ಲಿ ‘ನಿವೃತ್ತ’ ಎಂಬುದೂ ಇದ್ದವು. ನಿವೃತ್ತ ವೈದ್ಯರೆಂದು ತೀರ್ಮಾನಿಸಿ, ಲಕೋಟೆ ತಲುಪಿಸುವ ನೆಪದಲ್ಲಿ ನನ್ನ ಎಡ ಮೊಣಕಾಲಿನ ಸಮಗ್ರ ಇತಿಹಾಸವನ್ನು ನಿವೇದಿಸಿದೆ. ಬೆಳ್ಳಿಗೂದಲಿನ ಆ ಹಿರಿಯರು ಬೇಲಿಗೆ ಒರಗಿ ಕೊನೆಯವರೆಗೂ ಕೇಳಿ, “ಐಸ್ ಇಡಿ” ಎಂದರು. ಇಟ್ಟೆ. ನೋವು ಕಡಿಮೆಯಾಯಿತು, ತೊಂದರೆಯಾದದ್ದೇ ಅಲ್ಲಿ. ಶ್ರದ್ಧೆ ಇಮ್ಮಡಿಸಿ, ನನ್ನ ಹೆಂಡತಿ ಸುಮಾಳ ಬೆನ್ನುನೋವನ್ನೂ ಅವರ ಸನ್ನಿಧಿಗೆ ಒಯ್ದೆ.

ಅವರ ಹೆಸರು ರಾಮೋನ್. ಸುಮಾಳ ಬಾಯಲ್ಲಿ ಮೊದಲ ದಿನವೇ ರಾಮಣ್ಣ. ಕೊನೆಗೆ ಹದಿನಾರು ವರ್ಷದ ಮಗಳು ನಿಧಿ ತಲೆ ಚಚ್ಚಿಕೊಂಡಳು: “ಅಪ್ಪಾ, ಅವ್ರು ಡಾಕ್ಟರ್ ಅಲ್ಲ! ನೇವಿಯಲ್ಲಿ ಅಡ್ಮಿರಲ್ ಆಗಿದ್ರು. ಪ್ಲೇನ್ ಫ್ಲೈ ಮಾಡ್ತಿದ್ರು.”

ನನ್ನ ಗೊಂದಲ ಆಗ ಪರಿಷ್ಕೃತ ರೂಪ ಪಡೆಯಿತು. ನೌಕಾಪಡೆಯೆಂದರೆ ನೌಕೆ, ನೌಕೆಯವರಿಗೆ ವಿಮಾನವೇಕೆ? ರಾಮಣ್ಣ ಸಹನೆಯಿಂದ ವಿವರಿಸಿದರು. ಹಡಗಿನ ಮೇಲೆಯೇ ಒಂದು ಪುಟ್ಟ ರನ್‌ವೇ. ಇಳಿಯುವ ವಿಮಾನದ ಬಾಲದ ಕೊಕ್ಕೆ ಅಡ್ಡಕಟ್ಟಿದ ತಂತಿಗೆ ಸಿಕ್ಕಬೇಕು, ಸಿಗದಿದ್ದರೆ ಮತ್ತೆ ಹಾರಬೇಕು. ಹಾಗೆ ಹಾರಿ ಹಾರಿ ಅವರು ಒಂದು ಸ್ಕ್ವಾಡ್ರನ್ನಿನ, ಅಂದರೆ ವಿಮಾನಗಳ ತುಕಡಿಯ, ಮುಖ್ಯಸ್ಥರಾದರಂತೆ. ಸ್ಪ್ಯಾನಿಷ್ ಮಾತಾಡುವ ಮನೆಯಿಂದ ಬಂದು ಅಲ್ಲಿ ಆ ಕುರ್ಚಿಯಲ್ಲಿ ಕೂತ ಮೊದಲಿಗರಂತೆ. ಆಮೇಲೆ, ಹಾರುತ್ತಿದ್ದವರನ್ನು ಇಳಿಸಿ ಹಡಗಿಗೇ ಕ್ಯಾಪ್ಟನ್ ಮಾಡಿದರಂತೆ. ಕಡೆಯಲ್ಲಿ ಅಡ್ಮಿರಲ್ಲುಗಳಲ್ಲಿ ‘ಹಿಂದಿನ’ವರು, ಅದರಲ್ಲೂ ‘ಕೆಳಾರ್ಧ’ದವರಾದರಂತೆ, ಪದವಿಯ ಅಧಿಕೃತ ಹೆಸರೇ ‘ರಿಯರ್ ಅಡ್ಮಿರಲ್, ಲೋವರ್ ಹಾಫ್’, ಲಕೋಟೆಯ ನಾಲ್ಕಕ್ಷರ ಅದರದೇ ಸಂಕ್ಷೇಪ. ಇಷ್ಟೆಲ್ಲ ಮೇಲೇರಿದ ಮನುಷ್ಯನನ್ನು ಹಿಂದೆಯೂ ಕೆಳಗೂ ನಿಲ್ಲಿಸಿದ ಆ ಇಂಗ್ಲಿಷ್ ಭಾಷೆ ನನಗೆ ಬರುತ್ತದೆಂದು ಇಷ್ಟು ವರ್ಷ ನಂಬಿದ್ದೆನಲ್ಲ!

ಒಂದು ಶನಿವಾರ ಮಧ್ಯಾಹ್ನ ಅವರು ನಿಧಿಯನ್ನು ಕರೆದುಕೊಂಡು ಮನೆಗೇ ಬಂದರು. ಅವಳ ಕೈಯಲ್ಲೊಂದು ಅರ್ಜಿ.

“ನಿಮ್ಮ ಮಗಳು ಎರಡು ತಿಂಗಳಿಂದ ವಿಮಾನದ ವಿಷಯ ನನ್ನ ಹತ್ತಿರ ಮಾತಾಡ್ತಿದ್ದಾಳೆ. ನಿಮಗೆ ಗೊತ್ತಿದೆ ಅಂದುಕೊಂಡಿದ್ದೆ. ಇಲ್ಲ ಅಂತ ಇವತ್ತು ತಿಳೀತು. ನಿಮ್ಮ ಮುಂದೆ ಹೇಳದೆ ನನ್ನ ಹತ್ತಿರ ಬರಬೇಡ ಅಂದೆ,” ಎಂದರು.

ನಿಧಿ ನೆಲ ನೋಡುತ್ತಾ ಹೇಳಿದಳು: “ಕಾಲೇಜ್ ಆದ್ಮೇಲೆ ನೇವಿಗೆ ಅಪ್ಲೈ ಮಾಡ್ತೀನಿ ಅಮ್ಮಾ. ಅದಕ್ಕೆ ಮುಂಚೆ ಒಂದ್ಸಲ ಫ್ಲೈ ಮಾಡಿ ನೋಡ್ಬೇಕು. ಪೇರೆಂಟ್ಸ್ ಸೈನ್ ಬೇಕು.”

ಸುಮಾ ಚಹಾದ ಲೋಟಗಳನ್ನು ಮೇಜಿನ ಮೇಲಿಟ್ಟಳು. ಮಗಳನ್ನು ಬಿಟ್ಟು ರಾಮಣ್ಣನವರನ್ನೇ ಕೇಳಿದಳು: “ನಿಮ್ಮ ತಾಯಿ ಹೇಗೆ ಒಪ್ಪಿದ್ರು?”

“ನಾನು ಅವರನ್ನ ಕೇಳಲೇ ಇಲ್ಲ,” ಎಂದರು ಅವರು. “ಅವರಿಗೆ ವಿಮಾನ ಅಂದ್ರೆ ಭಯ. ಹಡಗಿನಲ್ಲಿ ಕೆಲಸ ಅಂತ ಹೇಳಿದ್ದೆ. ಸುಳ್ಳಲ್ಲ ನೋಡಿ. ಒಮ್ಮೆ ನನ್ನ ಯೂನಿಫಾರಂ ಇಸ್ತ್ರಿ ಮಾಡುವಾಗ ಎದೆಯ ಮೇಲಿದ್ದ ರೆಕ್ಕೆಯ ಬಿಲ್ಲೆ ಮುಟ್ಟಿ, ‘ಹಡಗಿಗೆ ರೆಕ್ಕೆ ಯಾಕೋ?’ ಅಂದ್ರು. ಅದು ಅಲಂಕಾರಕ್ಕೆ ಅಂದೆ. ಹನ್ನೊಂದು ವರ್ಷ ಹಾಗೇ ನಡೀತು. ನಾನು ಮುಖ್ಯಸ್ಥನಾದ ದಿನ ಸಮಾರಂಭಕ್ಕೆ ಅಮ್ಮ ಬಂದಿದ್ರು. ವೇದಿಕೆಯ ಮೇಲೆ ಒಬ್ಬ ಅಧಿಕಾರಿ ನನ್ನ ಹಾರಾಟದ ಕಥೆಯನ್ನೆಲ್ಲ ಓದಿದ್ರು, ತಂಗಿ ಅಮ್ಮನ ಕಿವಿಯಲ್ಲಿ ಸ್ಪ್ಯಾನಿಷ್‌ನಲ್ಲಿ ಹೇಳ್ತಾ ಇದ್ಲು. ಆಮೇಲೆ ಕ್ಷಮೆ ಕೇಳೋಕೆ ಹೋದೆ.”

ಅವರು ಲೋಟ ಕೈಗೆತ್ತಿಕೊಂಡರು, ಕುಡಿಯಲಿಲ್ಲ.

“‘ಮೊದಲಿಂದ ಗೊತ್ತಿತ್ತು’ ಅಂದ್ರು. ‘ನಾನು ಹೆದರಿದ್ದೀನಿ ಅಂತ ನಿನಗೆ ತಿಳಿದ್ರೆ ವಿಮಾನ ಇಳಿಸುವಾಗ ನಿನ್ನ ಕೈ ನಡುಗೀತು ಅಂತ ಸುಮ್ಮನಿದ್ದೆ’ ಅಂದ್ರು. ಹನ್ನೊಂದು ವರ್ಷ ಅವರನ್ನ ಒಬ್ಬರೇ ಹೆದರೋ ಹಾಗೆ ಮಾಡಿದೆ. ಈ ಹುಡುಗಿ ಆ ತಪ್ಪು ಮಾಡೋದು ಬೇಡ.”

ಇದು ಒಪ್ಪಿಗೆ ಕೊಡಿ ಎಂಬ ಶಿಫಾರಸೋ, ಬೇಡವೆಂಬ ಎಚ್ಚರಿಕೆಯೋ ನನಗೆ ತಿಳಿಯಲಿಲ್ಲ. ಇವತ್ತಿಗೂ ತಿಳಿದಿಲ್ಲ. ಅವರು ಹೋದ ಮೇಲೆ ಸುಮಾ ಆ ಅರ್ಜಿಯನ್ನು ಮೊದಲಿಂದ ಕೊನೆಯವರೆಗೆ ಎರಡು ಸಲ ಓದಿ, “ನಂಗೆ ಭಯ ಇದೆ ನಿಧಿ. ಇದೆ ಅಂತ ಹೇಳ್ತಿದ್ದೀನಿ,” ಎಂದು ಸಹಿ ಹಾಕಿದಳು. ನಾನು ಅವಳ ಸಹಿಯ ಕೆಳಗೆ, ಅಂದರೆ ಕೆಳಾರ್ಧದಲ್ಲಿ, ನನ್ನದನ್ನೂ ಹಾಕಿದೆ.

ಮುಂದಿನ ವಾರ ಊರಾಚೆಯ ಸಣ್ಣ ಏರ್‌ಪೋರ್ಟಿನಲ್ಲಿ ನಿಧಿ ಹಾರಾಟ ಕಲಿಸುವ ಶಿಕ್ಷಕಿಯ ಪಕ್ಕದಲ್ಲಿ ಕೂತು ಹಾರಿದಳು. ಸುಮಾ ಕಾರಿನಿಂದ ಇಳಿಯಲಿಲ್ಲ. ನಾನು ತಂತಿಬೇಲಿಯ ಬಳಿ ನಿಂತು, ಆಕಾಶದಲ್ಲಿ ಸುತ್ತುತ್ತಿದ್ದ ಬಿಳಿ ವಿಮಾನದಿಂದ ಕಣ್ಣು ಕೀಳದೆ, ಎರಡೂ ಕೈ ಎತ್ತಿ ಬೀಸುತ್ತಲೇ ಇದ್ದೆ. ಯಾರೋ ಭುಜ ತಟ್ಟಿದರು.

“ಅಪ್ಪಾ, ಅದು ನಾನಲ್ಲ. ನಾನು ಆಗ್ಲೇ ಲ್ಯಾಂಡ್ ಮಾಡಿದೆ.”

ಅವಳನ್ನು ಒಂದು ಕೈಯಲ್ಲಿ ಹಿಡಿದುಕೊಂಡೆ. ಇನ್ನೊಂದನ್ನು ಇಳಿಸಲು ಯಾಕೋ ಮನಸ್ಸು ಬರಲಿಲ್ಲ; ಆ ವಿಮಾನದಲ್ಲಿದ್ದದ್ದು ಯಾರ ಮನೆಯ ಮಗುವೋ, ನೆಲ ಮುಟ್ಟುವವರೆಗೂ ಬೀಸುತ್ತಲೇ ನಿಂತೆ.