ಜೀವನಾಂಶ ಬೇರೆ, ಭಾನುವಾರ ಬೇರೆ

ಕೈಗಾರಿಕಾ ಪ್ರದೇಶಗಳ ಚರಿತ್ರೆ ಬರೆಯುವವರು ಯಂತ್ರಗಳ ಬಗ್ಗೆ ಬರೆಯುತ್ತಾರೆ, ಉತ್ಪಾದನೆಯ ಬಗ್ಗೆ ಬರೆಯುತ್ತಾರೆ. ಪಾಳಿ ಮುಗಿಸಿ ಬಾಡಿಗೆ ಕೋಣೆಗೆ ಮರಳಿದ ಗಂಡಹೆಂಡಿರ ನಡುವೆ ಏನು ಮುರಿದುಬಿತ್ತು, ಅದನ್ನು ಯಾರು ಎತ್ತಿ ಕೂಡಿಸಿದರು ಎಂದು ಬರೆಯುವವರು ಕಡಿಮೆ. ಬೊಮ್ಮಸಂದ್ರದ ಮಟ್ಟಿಗೆ ಅಂಥದೊಂದು ಚರಿತ್ರೆ ಹೊರಬರುವುದಾದರೆ ಅದರ ಬಹುಪಾಲು ಪುಟಗಳು ಶ್ರೀಮತಿ ಶ್ಯಾಮಲಾ ಗೋಪಾಲಪ್ಪನವರಿಗೆ ಸಲ್ಲಬೇಕು. ಮೂರು ದಶಕಗಳ ಕಾಲ ಕಾರ್ಮಿಕ ಕುಟುಂಬ ಸಲಹಾ ಕೇಂದ್ರವನ್ನು ಹೊತ್ತು ನಡೆಸಿ ಈ ತಿಂಗಳು ನಿವೃತ್ತರಾಗುತ್ತಿರುವ ಶ್ಯಾಮಲಾ ಅವರು ನಮ್ಮ ಕ್ಷೇತ್ರದಲ್ಲಿ ಅತ್ಯಂತ ಹೆಚ್ಚು ಜನರನ್ನು ಬೈದವರು, ಅತ್ಯಂತ ಹೆಚ್ಚು ಜನರಿಂದ ಪ್ರೀತಿ ಪಡೆದವರು ಎಂದರೆ ಯಾರೂ ತಕರಾರು ತೆಗೆಯಲಾರರು.

ಅವರು ಈ ಮಣ್ಣಿನವರೇ. ತಂದೆ ಗೋಪಾಲಪ್ಪನವರ ರಾಗಿ ಹೊಲದ ಮೇಲೆ ಇಂದು ಔಷಧಿ ಕಾರ್ಖಾನೆಯ ಗೋದಾಮು ನಿಂತಿದೆ. ಅಣ್ಣತಮ್ಮಂದಿರು ಕೋಣೆಗಳನ್ನು ಕಟ್ಟಿಸಿ ಬಾಡಿಗೆಗೆ ಕೊಟ್ಟು ನೆಮ್ಮದಿಯಾಗಿದ್ದಾರೆ. ಶ್ಯಾಮಲಾ ಅವರು ಮಾತ್ರ ಸಮಾಜಕಾರ್ಯ ಓದಿ, ಆ ಕೋಣೆಗಳಲ್ಲಿ ಬಾಡಿಗೆಗಿದ್ದವರ ಕಷ್ಟಸುಖ ಕೇಳಲು ಹೊರಟರು. ರಾತ್ರಿ ಪಾಳಿ ಮುಗಿಸಿ ನೇರ ಕೇಂದ್ರಕ್ಕೆ ಬರುವ ಹೆಣ್ಣುಮಕ್ಕಳನ್ನು ಮೊದಲು ಬೆಂಚಿನ ಮೇಲೆ ಮಲಗಿಸಿ, ಅವರ ನಿದ್ದೆ ತೀರುವ ತನಕ ಗಂಡಂದಿರನ್ನು ಹೊರಗೆ ಕಾಯಿಸುತ್ತಿದ್ದರು. "ನಿದ್ದೆಗೆಟ್ಟೋರು ಏನ್ ಹೇಳಿದ್ರೂ ಹೂಂ ಅಂತಾರೆ, ಅದು ಒಪ್ಪಿಗೆ ಅಲ್ಲ ಕಣ್ರೀ" ಎಂಬುದು ಅವರ ವಾದ. ರಾಜಿಯ ಕರಾರು ಎಷ್ಟೇ ಚೆನ್ನಾಗಿ ಬರೆದಿರಲಿ, ಎರಡೂ ಕಡೆಯವರು ಅದನ್ನು ತಮ್ಮ ಊರಿನ ಮಾತಿನಲ್ಲಿ ಎದುರುಬದುರು ಹೇಳಿ ತೋರಿಸದ ಹೊರತು ಸಹಿ ಹಾಕಿಸುತ್ತಿರಲಿಲ್ಲ. ಈ ಪದ್ಧತಿಯನ್ನು ಕೇಂದ್ರದ ಸಲಹಾಕಾರರಾದ ನಾವೆಲ್ಲ ಅವರಿಂದಲೇ ಕಲಿತೆವು.

ಅಭಿನಂದನ ಗ್ರಂಥವೊಂದನ್ನು ತರುವ ಪ್ರಸ್ತಾಪವನ್ನು ಅವರ ಮುಂದಿಟ್ಟಾಗ ಅವರು ಮುಖ ಗಂಟಿಕ್ಕಿದರು. "ನನ್ನ ಬಗ್ಗೆ ಬರೆಯೋದಾದ್ರೆ ನೀಲಾ ವಿಷಯ ಬರೀರಿ. ಇಲ್ದಿದ್ರೆ ಒಂದು ಹಾರ ಹಾಕಿ ಕಳಿಸ್ಬಿಡಿ, ಪುಸ್ತಕ ಬೇಡ" ಎಂದರು. ಅವರ ಮಾತನ್ನು ಮೀರುವ ಧೈರ್ಯ ನಮ್ಮಲ್ಲಿ ಯಾರಿಗೂ ಇಲ್ಲದಿರುವುದರಿಂದ ಅದನ್ನೇ ಬರೆಯುತ್ತಿದ್ದೇವೆ.

ನೀಲಾ ಎಂದರೆ ನೀಲಾಂಬಿಕಾ, ಈ ಸಂಗತಿ ನಡೆದಾಗ ಎರಡನೆಯ ತರಗತಿಯ ಹುಡುಗಿ. ತಾಯಿ ಸುಮಂಗಲಾ ಸಿಂಧನೂರಿನ ಕಡೆಯವರು, ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಹೊಲಿಗೆಯ ಕೆಲಸ. ತಂದೆ ಅಮರೇಶ್ ಬಿಡಿಭಾಗ ತಯಾರಿಸುವ ಘಟಕವೊಂದರಲ್ಲಿ ಆಪರೇಟರ್. ಇಬ್ಬರೂ ಬೇರೆಯಾಗಿ ಆಗಲೇ ಕೆಲವು ವರ್ಷ ಕಳೆದಿದ್ದವು. ಕೇಂದ್ರದಲ್ಲಿ ಆದ ರಾಜಿಯ ಪ್ರಕಾರ ಅಮರೇಶ್ ಮಗಳ ಜೀವನಾಂಶವನ್ನು ತಿಂಗಳು ತಿಂಗಳು ತಪ್ಪದೆ ಕಳುಹಿಸುತ್ತಿದ್ದ. ಆದರೆ ಅವನ ಮುಖ ಮಾತ್ರ ಮಗಳಿಗೆ ಕಾಣುತ್ತಿರಲಿಲ್ಲ. ದುಡ್ಡು ಕಳುಹಿಸಿದರೆ ಅಪ್ಪನ ಕೆಲಸ ಮುಗಿಯಿತು ಎಂದೇ ಅವನು ತಿಳಿದಿದ್ದ. ಅವನನ್ನು ನೋಡದಿರುವುದೇ ಸುಮಂಗಲಾಗೂ ಹಾಯೆನಿಸಿತ್ತು.

ಘಟಕಕ್ಕೆ ಹೊಸ ಯಂತ್ರಗಳು ಬಂದವು. ಐಟಿಐ ಮಾತ್ರ ಓದಿದವರು ಗುತ್ತಿಗೆ ಕೆಲಸಗಾರರಾಗಿಯೇ ಉಳಿದರು, ಡಿಪ್ಲೊಮಾ ಇದ್ದವರು ಮೇಲೆ ಹೋದರು. ಅಮರೇಶ್ ಕೆಲಸ ಬಿಟ್ಟು ಡಿಪ್ಲೊಮಾಗೆ ಸೇರಿಕೊಂಡ. ಜೀವನಾಂಶ ನಿಂತುಹೋಯಿತು.

ಕೇಂದ್ರಕ್ಕೆ ಕರೆಸಿದಾಗ ಅವನು ಕಾಲೇಜಿನ ಗುರುತಿನ ಚೀಟಿಯನ್ನು ಕೊರಳಿಗೆ ಹಾಕಿಕೊಂಡೇ ಬಂದಿದ್ದ. "ಈಗ ನಾ ಸ್ಟೂಡೆಂಟ್ ಅದೀನ್ರಿ ಮೇಡಂ. ಸ್ಟೂಡೆಂಟ್ ಕಡೆ ಎಲ್ಲಿಂದ ಬರ್ಬೇಕ್ರಿ ರೊಕ್ಕ? ಪಾಸಾಗಿ ಕೆಲ್ಸ ಸಿಗ್ಲಿ, ಎಲ್ಲಾ ಕೊಡ್ತೀನಿ" ಎಂದ.

ಸುಮಂಗಲಾ ಅವನತ್ತ ತಿರುಗಿಯೂ ನೋಡದೆ, ಪಕ್ಕದಲ್ಲಿದ್ದ ಮಗಳನ್ನು ತೋರಿಸಿ ಶ್ಯಾಮಲಾ ಅವರನ್ನು ಕೇಳಿದರು: "ಅವ್ರ ಕಾಲೇಜು ಮುಗಿಯೋತನ ಈಕಿ ಹಸಿವಿಗೆ ರಜಾ ಕೊಡ್ಲೇನ್ರಿ?"

ಜೀವನಾಂಶ ತಪ್ಪಿಸಿಕೊಳ್ಳಲು ಕೆಲಸ ಬಿಡುವ ಗಂಡಸರನ್ನು ಶ್ಯಾಮಲಾ ಅವರು ಬೇಕಾದಷ್ಟು ಕಂಡಿದ್ದರು. ಅದಕ್ಕೇ ಮರುದಿನ ಹೇಳದೆ ಕೇಳದೆ ಕಾಲೇಜಿಗೇ ಹೋದರು. ಮೀಸೆ ಚಿಗುರುತ್ತಿದ್ದ ಹುಡುಗರ ನಡುವೆ, ಅರ್ಥವಾಗದ ಗಣಿತವನ್ನು ಹಲ್ಲು ಕಚ್ಚಿ ಬರೆದುಕೊಳ್ಳುತ್ತಿದ್ದ ಅಮರೇಶನನ್ನು ಕಿಟಕಿಯಿಂದ ಕಂಡು ಅವರ ಮನಸ್ಸು ಕರಗಿತು. ಇವನು ಕಳ್ಳನಲ್ಲ, ಇವನ ಓದು ಕೆಡಬಾರದು ಎನಿಸಿತು. ಮಗುವಿಗೂ ಅನ್ಯಾಯವಾಗಬಾರದು. ಯಾವ ಪ್ರಕರಣವನ್ನೂ ನ್ಯಾಯಾಲಯದ ಮೆಟ್ಟಿಲು ಹತ್ತಲು ಬಿಡದವರೆಂಬ ಹೆಸರು ಬೇರೆ ಅವರಿಗಿತ್ತು; ಆ ಹೆಸರಿನ ಮೇಲೆ ಸ್ವಲ್ಪ ಆಸೆಯೂ ಇತ್ತೆಂದು ಅವರೇ ನಗುತ್ತ ಹೇಳುತ್ತಾರೆ.

ಹೀಗೆ ಅವರು ಒಂದು ಉಪಾಯ ಹೂಡಿದರು. ಕಾಲೇಜು ಮಧ್ಯಾಹ್ನಕ್ಕೆ ಮುಗಿಯುತ್ತಿತ್ತು, ಸುಮಂಗಲಾ ಮನೆಗೆ ಬರುವುದು ಸಂಜೆ. ಅಲ್ಲಿಯವರೆಗೆ ಮಗಳನ್ನು ಶಾಲೆಯಿಂದ ಕರೆತಂದು, ಉಣಿಸಿ, ಓದಿಸುವ ಹೊಣೆ ಅಮರೇಶನದು. ಆ ದುಡಿಮೆಯನ್ನೇ ಜೀವನಾಂಶವೆಂದು ತಿಳಿಯುವುದು. ಪಾಸಾಗಿ ಸಂಬಳ ಬರತೊಡಗಿದ ಮೇಲೆ ಮತ್ತೆ ದುಡ್ಡು. ಟ್ಯೂಷನ್ನಿನ ಖರ್ಚು ಉಳಿಯುತ್ತದೆಂದು ಸುಮಂಗಲಾ ಒಲ್ಲದ ಮನಸ್ಸಿನಿಂದ ಒಪ್ಪಿದರು. ಇಬ್ಬರೂ ಎದುರುಬದುರು ಹೇಳಿ ತೋರಿಸಿದರು, ಸಹಿ ಬಿತ್ತು. ಕೇಂದ್ರದಲ್ಲಿ ನಾವು ಭಲೇ ಎಂದು ತಲೆದೂಗಿದೆವು. ಆ ಬೆಂಚಿನ ತುದಿಯಲ್ಲಿ ಕೂತು ನೀಲಾ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು ಎಂಬುದು ಯಾರ ತಲೆಗೂ ಹೊಳೆಯಲಿಲ್ಲ.

ವ್ಯವಸ್ಥೆ ಚೆನ್ನಾಗಿಯೇ ನಡೆಯಿತು. ಅಪ್ಪ ಮಗಳು ಒಂದೇ ಚಾಪೆಯ ಮೇಲೆ ಓದತೊಡಗಿದರು. ಅಮರೇಶನಿಗೆ ಜಡೆ ಹಾಕುವುದೂ ಬಂತು. ಪರೀಕ್ಷೆ ಹತ್ತಿರವಾದಾಗ ಒಂದು ದಿನ ಸುಮಂಗಲಾ ಅವರ ಕೋಣೆಯ ಮಾಲೀಕರಾದ ವೆಂಕಟಮ್ಮನವರು ನಗುತ್ತ ಕೇಂದ್ರಕ್ಕೆ ಬಂದರು. ಅವರೂ ಶ್ಯಾಮಲಾ ಅವರೂ ಒಂದೇ ಊರಿನವರು.

"ಸಾಮಲಮ್ಮ, ಆ ಕೂಸು ಮಾರಮ್ಮನ ಗುಡೀಲಿ ಕೈ ಮುಕ್ಕಂಡು ಏನ್ ಬೇಡ್ಕಂತು ಗೊತ್ತಾ? ಅವರಪ್ಪ ಫೇಲಾಗ್ಲಿ ಅಂತ! ಇಂಗೂ ಉಂಟಾ?"

ಕೇಳಿದವರೆಲ್ಲ ನಕ್ಕರು. ಶ್ಯಾಮಲಾ ಅವರು ನಗಲಿಲ್ಲ. ಎದ್ದು ಚಪ್ಪಲಿ ಮೆಟ್ಟಿಕೊಂಡು ನೇರ ಆ ಕೋಣೆಗೆ ನಡೆದರು. ಅಪ್ಪನ ಮೇಲೆ ಸಿಟ್ಟೇ ಎಂದು ಕೇಳಿದಾಗ ನೀಲಾ ಇಲ್ಲವೆಂದು ತಲೆಯಾಡಿಸಿದಳು.

"ಪಾಸಾದ್ರ ಅಪ್ಪ ರೊಕ್ಕ ಕಳಸ್ತಾನ್ರಿ. ರೊಕ್ಕ ಕಳ್ಸಿದ್ರ ಬರಂಗಿಲ್ಲಲ್ರಿ" ಎಂದಳು.

ಮಗು ಕರಾರನ್ನು ನಮ್ಮೆಲ್ಲರಿಗಿಂತ ಸರಿಯಾಗಿ ಅರ್ಥ ಮಾಡಿಕೊಂಡಿತ್ತು. ದುಡ್ಡಿದ್ದಾಗ ಅಪ್ಪ ಬರುತ್ತಿರಲಿಲ್ಲ, ದುಡ್ಡು ನಿಂತ ಮೇಲೆ ಬಂದ, ದುಡ್ಡು ಬಂದರೆ ಮತ್ತೆ ಹೋಗುತ್ತಾನೆ. ತಂದೆಯನ್ನು ಜೀವನಾಂಶದ ಬದಲಿಗೆ ಕೊಟ್ಟವರು ತಾವೇ ಎಂಬುದು ಶ್ಯಾಮಲಾ ಅವರಿಗೆ ಆಗ ಅರಿವಾಯಿತು. ಅಂದು ಅವರು ಊಟ ಮಾಡಲಿಲ್ಲವೆಂದು ಬಲ್ಲವರು ಹೇಳುತ್ತಾರೆ.

ಮರುದಿನ ಇಬ್ಬರನ್ನೂ ಕರೆಸಿ, ನಮ್ಮೆಲ್ಲರೆದುರು, "ತಪ್ಪು ನಂದು. ಎರಡನ್ನೂ ಒಂದೇ ತಕ್ಕಡೀಲಿ ಇಟ್ಟೆ" ಎಂದರು. ಮಗುವಿನ ಅನ್ನ ಮಗುವಿನ ಹಕ್ಕು, ಅಪ್ಪ ಓದಲು ಕೂತರೆ ಅದಕ್ಕೆ ಬಿಡುವಿಲ್ಲ. ಅಪ್ಪನ ಒಡನಾಟವೂ ಮಗುವಿನ ಹಕ್ಕೇ, ಹಣ ಕೊಟ್ಟು ಅದರಿಂದ ಬಿಡಿಸಿಕೊಳ್ಳುವಂತಿಲ್ಲ. ಈ ಎರಡು ಮಾತುಗಳ ಮೇಲೆ ಹೊಸ ಕರಾರು ಬರೆಸಿದರು. ತಾವೇ ಅಲೆದು, ಅಲ್ಲೇ ಹತ್ತಿರದ ಸೊಣ್ಣಪ್ಪ ಎಂಬವರ ವರ್ಕ್‌ಶಾಪಿನಲ್ಲಿ ಅಮರೇಶನಿಗೆ ಮಧ್ಯಾಹ್ನದಿಂದ ಅರೆಕಾಲಿಕ ಕೆಲಸ ಕೊಡಿಸಿದರು. ಮೊದಲಿನಷ್ಟಲ್ಲದಿದ್ದರೂ ಜೀವನಾಂಶ ಮತ್ತೆ ಶುರುವಾಯಿತು. ಮಗಳ ಮಧ್ಯಾಹ್ನಗಳನ್ನು ವೆಂಕಟಮ್ಮ ವಹಿಸಿಕೊಂಡರು. ಭಾನುವಾರಗಳು ಅಪ್ಪನವು ಎಂದಾಯಿತು. ಸುಮಂಗಲಾ ಸಹಿ ಹಾಕುತ್ತ, "ಬರ್ಲಿ ಬಿಡ್ರಿ. ನನಗ ಬ್ಯಾಡಾಗಿರಬಹುದು, ಅಕಿಗೆ ಬೇಕಲ್ಲ" ಎಂದರು.

ಈ ಸಲ ಶ್ಯಾಮಲಾ ಅವರು ಕರಾರನ್ನು ನೀಲಾಗೂ ಹೇಳಿದರು. "ನೋಡು ಪುಟ್ಟಾ, ನಿಮ್ಮಪ್ಪ ಪಾಸಾದ್ರೂ ಭಾನುವಾರ ಬರ್ತಾನೆ, ಫೇಲಾದ್ರೂ ಬರ್ತಾನೆ. ದುಡ್ಡು ಕೊಟ್ರೂ ಬರ್ತಾನೆ. ಕೊಡದೆ ಇದ್ರೆ ನನ್ನ ಹತ್ರ ಬೈಸ್ಕೊಂಡು ಬರ್ತಾನೆ."

ನೀಲಾ ಯೋಚಿಸಿ, "ಹಂಗಾದ್ರ ಪಾಸಾಗ್ಲಿ ಬಿಡ್ರಿ" ಎಂದಳು.

ಆದರೆ ಅಮರೇಶ್ ಗಣಿತದಲ್ಲಿ ಫೇಲಾದ. ಫಲಿತಾಂಶ ಬಂದ ದಿನ ನೀಲಾ ಅತ್ತ ಪರಿ ಹೇಳತೀರದು. "ನಾ ಬೇಡ್ಕೊಂಡಿದ್ದು ವಾಪಸ್ ತಗೊಂಡಿದ್ದೆ, ಮಾರಮ್ಮಗ ಹೇಳಿದ್ದೆ" ಎಂದು ಬಿಕ್ಕುತ್ತಿದ್ದಳು. ಅಮರೇಶ್ ಅವಳನ್ನು ಎತ್ತಿಕೊಂಡು, "ಮಾರಮ್ಮ ಏನೂ ಮಾಡಿಲ್ಲವ್ವಾ, ನಾನೇ ಸರಿ ಓದಿದ್ದಿಲ್ಲ" ಎಂದ. ಮುಂದಿನ ಸಲ ಬರೆದು ಪಾಸಾದ. ಉಳಿದ ಓದನ್ನೂ ಮುಗಿಸಿ ಜಿಗಣಿಯ ಕಾರ್ಖಾನೆಯೊಂದರಲ್ಲಿ ಕಾಯಂ ಕೆಲಸಕ್ಕೆ ಸೇರಿ ಪೂರ್ತಿ ಜೀವನಾಂಶ ಕಳುಹಿಸಿದ.

ಅಂದಿನಿಂದ ಕೇಂದ್ರದಲ್ಲಿ ಜೀವನಾಂಶಕ್ಕೆ ಒಂದು ಕರಾರು, ಭೇಟಿಗೆ ಇನ್ನೊಂದು ಕರಾರು. ತಿಳಿವಳಿಕೆ ಬಂದ ಮಗುವಿದ್ದರೆ ಎರಡನ್ನೂ ಅದಕ್ಕೆ ವಿವರಿಸಲೇಬೇಕು. ಹೊಸದಾಗಿ ಸೇರುವ ಪ್ರತಿಯೊಬ್ಬ ಸಲಹಾಕಾರರಿಗೂ ಶ್ಯಾಮಲಾ ಅವರು ತಮ್ಮ ಈ ಸೋಲನ್ನೇ ಮೊದಲ ಪಾಠವಾಗಿ ಹೇಳಿಕೊಡುತ್ತ ಬಂದಿದ್ದಾರೆ.

ಅವರು ನಮಗೆ ಹೇಳದ ಒಂದು ಸಂಗತಿಯನ್ನು ವೆಂಕಟಮ್ಮನವರಿಂದ ತಿಳಿದೆವು. ಪೂರ್ತಿ ಜೀವನಾಂಶ ಬಂದ ಮೇಲಿನ ಮೊದಲ ಭಾನುವಾರ ನೀಲಾ ಬೆಳಗಿನಿಂದಲೇ ಹೊಸ್ತಿಲ ಮೇಲೆ ಕೂತಿದ್ದಳಂತೆ. ಎದುರು ಅಂಗಡಿಯ ಮರೆಯಲ್ಲಿ ಶ್ಯಾಮಲಾ ಅವರೂ ನಿಂತಿದ್ದರಂತೆ, ರಜೆಯ ದಿನ, ಯಾರೂ ಕರೆಯದೆ. ಅಮರೇಶ್ ಓಣಿಯ ತಿರುವಿನಲ್ಲಿ ಕಂಡೊಡನೆ ಸೆರಗಿನಿಂದ ಕಣ್ಣೊರೆಸಿಕೊಂಡು, ಯಾರಿಗೂ ಕಾಣದಂತೆ ಮನೆಗೆ ಹೊರಟುಹೋದರಂತೆ.

ಮಾನ್ಯ ಶ್ಯಾಮಲಾ ಗೋಪಾಲಪ್ಪನವರಿಗೆ ಭಗವಂತನು ಆಯುಷ್ಯವನ್ನೂ, ನಡೆಯಲು ಗಟ್ಟಿ ಕಾಲುಗಳನ್ನೂ, ಬೈಯಲು ಗಟ್ಟಿ ದನಿಯನ್ನೂ ಧಾರಾಳವಾಗಿ ಕೊಡಲಿ. ಅವರ ಕುರ್ಚಿಗೆ ನಾಳೆ ಬೇರೆಯವರು ಬರುತ್ತಾರೆ, ಕರಾರುಗಳನ್ನು ನಾವೂ ಬರೆಯಬಲ್ಲೆವು. ಆದರೆ ಬರೆಸಿದ ಕರಾರು ನಡೆಯುತ್ತದೋ ಇಲ್ಲವೋ ಎಂದು ಭಾನುವಾರ ಬೆಳಗ್ಗೆ ಓಣಿಯಲ್ಲಿ ನಿಂತು ಕಾಯುವವರು ಇನ್ನೂ ಬಹಳ ಕಾಲ ನಮಗೆ ಬೇಕು.